ಕರೆದರೆ ಬರುವವರು

ಮಾವ್‌ಪಿಂಗ್
ಗಣರಾಜ್ಯದ ಹದಿನೆಂಟನೆಯ ವರ್ಷ, ಒಂಬತ್ತನೆಯ ತಿಂಗಳು, 6

ಮೈದುನ ಲೆಫುವಿಗೆ ಅತ್ತಿಗೆ ಯಿನ್‌ಹುವಾ ಬರೆಯುವುದು.

ನಿಮ್ಮಣ್ಣನಿಗೆ ಬರೆಯಬೇಕಾದದ್ದನ್ನು ನಿನಗೆ ಬರೆಯುತ್ತಿದ್ದೇನೆ, ಏಕೆಂದರೆ ಆ ಮನುಷ್ಯನಿಗೆ ಬರೆದೂ ಬರೆದೂ ನನಗೆ ಸಾಕಾಗಿದೆ. ಬೇಸಿಗೆಯಿಂದ ಒಂದು ಗೆರೆ ಇಲ್ಲ. ದಿನವಿಡೀ ಗಣಿಯಲ್ಲಿ ಇಂಗಳೀಕದ ಕೆಂಪು ಕಲ್ಲು ಒಡೆಯುವ ಕೈಗೆ ಕುಂಚ ಹಿಡಿಯುವುದು ಅಷ್ಟು ಭಾರವೇ? ಪಕ್ಕದಲ್ಲೇ ಮಲಗುವ ನೀನಾದರೂ ಅವರ ಕಿವಿ ಹಿಂಡಿ ಬರೆಸಬಾರದೇ? ಇಬ್ಬರೂ ಒಂದೇ. ಒಬ್ಬ ಬರೆಯುವುದಿಲ್ಲ, ಇನ್ನೊಬ್ಬ ಬರೆದರೆ ಬರೀ ತಮಾಷೆ ಬರೆಯುತ್ತಾನೆ.

ಇಲ್ಲಿ ಎಣ್ಣೆಕಾಯಿ ಕೊಯ್ಲು ಮುಗಿಯಿತು. ಅಂಟಕ್ಕಿ ಈ ವರ್ಷ ಚೆನ್ನಾಗಿ ಬಂದಿದೆ. ಮಗಳು ತಾವ್‌ತಾವ್‌ಳ ಮುಂದಿನ ಹಲ್ಲು ಬಿದ್ದಿದೆ, ನಕ್ಕರೆ ಮುದುಕಿಯಂತೆ ಕಾಣುತ್ತಾಳೆ. ಅತ್ತೆ ತಮಗೆಂದು ಮೊದಲೇ ಮಾಡಿಸಿಟ್ಟುಕೊಂಡ ಶವಪೆಟ್ಟಿಗೆಗೆ ಈ ವರ್ಷದ ಅರಗು ಬಳಿಸಿದ್ದಾರೆ. ಕೊಟ್ಟಿಗೆಯಲ್ಲಿ ಅದು ಕನ್ನಡಿಯಂತೆ ಹೊಳೆಯುತ್ತದೆ. ಬಂದವರಿಗೆಲ್ಲ ತೋರಿಸಿ, "ನೋಡಿ, ಇಂಥಾ ಹಲಗೆ ಇಡೀ ಊರಲ್ಲಿಲ್ಲ. ನನ್ನ ಮಕ್ಕಳು ತಂದುಕೊಟ್ಟದ್ದು" ಎಂದು ಹೇಳಿಕೊಳ್ಳುತ್ತಾರೆ.

ಮೊನ್ನೆ ಉಪ್ಪು ಹೊರುವವನು ಬಂದಿದ್ದ. ನಿಮ್ಮ ಹೊಂಗ್‌ಶಿಕೌ ಕಡೆ ಏನೋ ಬೇನೆ ಹಬ್ಬಿದೆಯಂತೆ. ಹೊಳೆಯ ಕಾವಲು ಕಟ್ಟೆಯಲ್ಲಿ ಸಿಪಾಯಿಗಳು ಕಾಗದಗಳನ್ನೆಲ್ಲ ಹೊಗೆಗೆ ಹಿಡಿದು ಬಿಡುತ್ತಾರಂತೆ, ಮನುಷ್ಯರನ್ನು ಬಿಡುವುದೇ ಇಲ್ಲವಂತೆ. ನಿಜವೇ? ಅವನ ಮಾತಿನಲ್ಲಿ ಅರ್ಧ ಉಪ್ಪು, ಅರ್ಧ ಮರಳು. ಆದರೂ ನನಗೆ ಊಟ ಸೇರುತ್ತಿಲ್ಲ. ಇದ್ದದ್ದು ಇದ್ದ ಹಾಗೆ ಬರಿ.

ಯಿನ್‌ಹುವಾ

&nbsp;

ಹೊಂಗ್‌ಶಿಕೌ ಗಣಿ
ಒಂಬತ್ತನೆಯ ತಿಂಗಳು, 12

ಅತ್ತಿಗೆಗೆ ಲೆಫುವಿನ ನಮಸ್ಕಾರ.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಬೈಗುಳ ಹೊಗೆ ವಾಸನೆಯ ಜೊತೆ ಬಂದು ತಲುಪಿತು. ಹೌದು, ಹೊಗೆಗೆ ಹಿಡಿಯುವುದು ನಿಜ. ಸಿಪಾಯಿಗಳಿಗೆ ಬೇರೆ ಕೆಲಸವಿಲ್ಲ. ಬೇನೆ ಎಂದು ಹೇಳುವುದೆಲ್ಲ ಮುದುಕರ ಕಟ್ಟುಕಥೆ. ಉಪ್ಪಿನವನನ್ನು ನಂಬಿದರೆ ಹೊಳೆಗೂ ಬಾಲ ಬಂದೀತು.

ಅಣ್ಣನಿಗೆ ಸ್ವಲ್ಪ ಜ್ವರ. ಸುರಂಗದಲ್ಲಿ ನೀರು ತೊಟ್ಟಿಕ್ಕುತ್ತದಲ್ಲ, ಅದಕ್ಕೆ. ತೋಳಿಗೆ ಒಂದು ಪುಟ್ಟ ತರಚು ಗಾಯ ಬೇರೆ ಆಗಿದೆ, ಅದಕ್ಕೇ ಕುಂಚ ಹಿಡಿಯಲಾಗುತ್ತಿಲ್ಲ. ನಾಲ್ಕು ದಿನದಲ್ಲಿ ಎದ್ದು ಓಡಾಡುತ್ತಾನೆ. ಅವ್ವನಿಗೆ ಇದನ್ನೂ ಹೇಳಬೇಕಾಗಿಲ್ಲ, ಆದರೆ ನೀವು ಹೇಳದೆ ಇರುವವರಲ್ಲ.

ಒಂದು ಕೆಲಸ ಮಾಡಿ. ನಮ್ಮ ಹೊಲದ ಅಂಟಕ್ಕಿ ಒಂದು ಚೀಲ ಕಳಿಸಿ. ಅಣ್ಣನಿಗೆ ಅದರ ಮೇಲೆ ತುಂಬ ಆಸೆಯಾಗಿದೆ. ಇಲ್ಲಿನ ಅಂಗಡಿಯವರು ಅಂಟಕ್ಕಿಯಲ್ಲಿ ಮಾಮೂಲಿ ಅಕ್ಕಿ ಬೆರೆಸುತ್ತಾರೆ, ಅದು ಆಗುವುದಿಲ್ಲ. ಬೇಗ ಕಳಿಸಿ ಅತ್ತಿಗೆ. ನಾಳೆ ಎನ್ನಬೇಡಿ. ಕಾಗದ ತಲುಪಿದ ದಿನವೇ ಅಂಬಿಗನ ಕೈಗೆ ಕೊಡಿ.

ತಾವ್‌ತಾವ್‌ಳ ಹಲ್ಲನ್ನು ಇಲಿಗೆ ಕೊಟ್ಟಿರಾ?

ಲೆಫು

&nbsp;

ಮಾವ್‌ಪಿಂಗ್
ಒಂಬತ್ತನೆಯ ತಿಂಗಳು, 17

ಲೆಫು,

ನಿನ್ನ ಕಾಗದ ಬಂದ ಕೂಡಲೇ ಒಲೆ ಹಚ್ಚಿದೆ. ಅಡುಗೆ ಬಾರದ ಗಂಡಸರಿಬ್ಬರು ಹಸಿ ಅಕ್ಕಿ ತೆಗೆದುಕೊಂಡು ಏನು ಮಾಡುತ್ತೀರಿ? ಮನೆಯಲ್ಲಿದ್ದ ಅಂಟಕ್ಕಿಯನ್ನೆಲ್ಲ ಬೇಯಿಸಿ, ಒರಳಿನಲ್ಲಿ ಕುಟ್ಟಿ, ಬಿಲ್ಲೆ ತಟ್ಟಿ ಕಳಿಸುತ್ತಿದ್ದೇನೆ. ನನ್ನ ತೋಳು ಬಿದ್ದುಹೋಗಿದೆ. ಕೆಂಡದ ಮೇಲೆ ಸುಟ್ಟು, ಉಬ್ಬಿದ ಮೇಲೆ ಕೊಡು. ಜ್ವರದಲ್ಲಿ ಬಾಯಿ ಬೇಡುತ್ತಿದೆ ಎಂದರೆ ವಾಸಿಯಾಗುತ್ತಿದೆ ಎಂದೇ ಲೆಕ್ಕ. ಅದನ್ನೋದಿ ನನಗೆ ಹೋದ ಜೀವ ಬಂದ ಹಾಗಾಯಿತು.

ಅತ್ತೆಗೆ ಹೇಳಿದೆ. ಹೇಳದೆ ಇರುತ್ತೇನೆಯೇ? ದೂರದಲ್ಲಿರುವವನಿಗೆ ಜ್ವರ ಎಂದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ನಿಮ್ಮಣ್ಣನ ನೀಲಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದರು. ಆ ಸಂಜೆಯಿಂದಲೇ ಹೊಸಿಲ ಮೇಲೆ ನಿಂತು, ಅಂಗಿಯನ್ನು ಹೊಳೆಯ ಕಡೆಗೆ ಬೀಸುತ್ತ, ದಾರಿ ತಪ್ಪಿದ ಪ್ರಾಣವನ್ನು ಕರೆಯುತ್ತಿದ್ದಾರೆ. "ಕೈಶಾನ್! ಕತ್ತಲಾಗ್ತಾ ಬಂತು, ಮನೆಗೆ ಬಾರೋ ಮಗನೇ! ಕೈಶಾನ್, ಬಾರೋ!"

ಒಳಗಿನಿಂದ ನಾನು "ಬಂದೆ" ಎನ್ನಬೇಕು. ನನಗೋ ನಾಚಿಕೆ. ಮದುವೆಯಾದಂದಿನಿಂದ ಅವರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ, ಈಗ ಅವರ ಬದಲಿಗೆ ಉತ್ತರ ಕೊಡುವುದೆಂದರೆ! ಮೊದಲ ದಿನ ಗಂಟಲಲ್ಲೇ ಉಳಿಯಿತು. ಅತ್ತೆ ಹೊರಗಿನಿಂದಲೇ, "ಏನೇ, ನಾಲಗೆ ನುಂಗಿದ್ಯಾ?" ಎಂದರು. ತಾವ್‌ತಾವ್ ಬಿದ್ದೂ ಬಿದ್ದೂ ನಕ್ಕು, ತಾನೇ ದಪ್ಪ ದನಿ ಮಾಡಿ "ಬಂದೇ" ಎಂದಳು. ಈಗ ದಿನವೂ ಅವಳದೇ ಕೆಲಸ.

ನಗಬೇಡ. ನಿನಗೆ ಸಿಡುಬು ಬಂದಾಗ ನಿನ್ನನ್ನು ಉಳಿಸಿದ್ದೂ ಇದೇ ಕರೆ.

ಯಿನ್‌ಹುವಾ

&nbsp;

ಹೊಂಗ್‌ಶಿಕೌ ಗಣಿ
ಒಂಬತ್ತನೆಯ ತಿಂಗಳು, 22

ಅತ್ತಿಗೆ,

ಕರೆಯುವುದನ್ನು ನಿಲ್ಲಿಸಿ. ಈ ಕಾಗದವನ್ನು ಪೂರ್ತಿ ಓದುವ ಮೊದಲೇ ಹೋಗಿ ಅವ್ವನ ಕೈಯಿಂದ ಆ ಅಂಗಿ ಕಿತ್ತುಕೊಳ್ಳಿ. ಆಮೇಲೆ ಓದಿ.

ನಾನು ಸುಳ್ಳು ಬರೆದೆ. ಮನೆಗೆ ಕೆಟ್ಟ ಸುದ್ದಿ ಬರೆಯಬಾರದು ಎಂದು ನಮಗೆ ಹಾಲು ಕುಡಿಸುವಾಗಲೇ ಕಲಿಸುತ್ತಾರಲ್ಲ, ಹಾಗೇ ಬರೆದೆ. ಅಣ್ಣನಿಗೆ ಬಂದಿರುವುದು ಬರೀ ಜ್ವರವಲ್ಲ, ಸೆಟೆಬೇನೆ. ಇಲ್ಲಿ ಸತ್ತ ಪರವೂರಿನವರನ್ನು ಅವರ ಮನೆಯವರು ಬರುವ ತನಕ ಬೆಟ್ಟದಡಿಯ ಪೆಟ್ಟಿಗೆ ಮನೆಯಲ್ಲಿ ಇಡುತ್ತಾರೆ. ಅಲ್ಲಿ ಒಬ್ಬನನ್ನು ಬಹಳ ಕಾಲ ಹಾಗೇ ಇಟ್ಟಿದ್ದರು. ಪೆಟ್ಟಿಗೆ ಬದಲಿಸಲು ಅಣ್ಣ ಹೆಗಲು ಕೊಟ್ಟ. ಸತ್ತವನ ಕೈ ಅಣ್ಣನ ತೋಳನ್ನು ಗೀರಿತು. ಮೊದಲು ಉಗುರು ನೀಲಿಯಾಯಿತು, ಆಮೇಲೆ ಮೊಣಕಾಲು ಮಡಚಲಾಗಲಿಲ್ಲ, ಈಗ ದವಡೆ. ಮಾತು ನಿಂತುಹೋಗಿದೆ. ಮೈ ಹೊಳೆಕಲ್ಲಿನಂತೆ ತಣ್ಣಗಿದೆ.

ಹಸಿ ಅಂಟಕ್ಕಿಯನ್ನು ಗಾಯಕ್ಕೆ ಕಟ್ಟಿದರೆ ಅದು ವಿಷ ಎಳೆದು ಕಪ್ಪಾಗುತ್ತದೆ. ಬದಲಿಸುತ್ತ ಹೋದರೆ ಬದುಕುವವರೂ ಇದ್ದಾರೆ. ಅಂಗಡಿಯ ಬೆರಕೆ ಅಕ್ಕಿ ಎಳೆಯಲಿಲ್ಲ. ಅದಕ್ಕೇ ನಿಮ್ಮಲ್ಲಿ ಕೇಳಿದ್ದು. ನಿನ್ನೆ ನಿಮ್ಮ ಗಂಟು ಬಂತು. ಬಿಚ್ಚಿ ನೋಡಿದರೆ ಬಿಲ್ಲೆಗಳು. ಬೆಂದ ಅಕ್ಕಿ ಏನನ್ನೂ ಎಳೆಯುವುದಿಲ್ಲ ಅತ್ತಿಗೆ. ನಾನು ಅವುಗಳ ಮುಂದೆ ಕೂತು ಹುಚ್ಚನ ಹಾಗೆ ಅತ್ತೆ. ನಿಮ್ಮ ತಪ್ಪು ಒಂದು ಎಳ್ಳಿನಷ್ಟೂ ಇಲ್ಲ. ಆಸೆಯಾಗಿದೆ ಎಂದು ಬರೆದವನು ನಾನು.

ಇನ್ನೊಂದು ವಿಷಯ. ದಿನಾ ಸಂಜೆ ಅಣ್ಣ ಕತ್ತನ್ನು ನಮ್ಮೂರಿನ ದಿಕ್ಕಿಗೆ ಹೊರಳಿಸುತ್ತಿದ್ದ. ಯಾಕೆಂದು ತಿಳಿದಿರಲಿಲ್ಲ. ನಿಮ್ಮ ಕಾಗದ ಓದಿ ತಿಳಿಯಿತು. ಹೆಣಗಳನ್ನು ಮಂತ್ರ ಹಾಕಿ ಊರಿಗೆ ನಡೆಸಿಕೊಂಡು ಹೋಗುವ ಛಿನ್ ಗುರುಗಳನ್ನು ಕೇಳಿದೆ. "ಯಾವ ದಡ್ಡರು ಅವನನ್ನ ಕರೀತಿರೋದು? ಬೇರೆ ಜ್ವರಕ್ಕಾದ್ರೆ ಕರೀಬೇಕು. ಸೆಟೆಬೇನೆಯವನನ್ನ ಕರೀಬಾರ್ದು. ಕರೆ ಕೇಳ್ತಾ ಉಸಿರು ಬಿಟ್ಟವನೂ, ಸತ್ತು ಮಣ್ಣಾಗೋ ಮೊದ್ಲು ಕರೆ ಕೇಳಿದವನೂ ಮಲಗಲ್ಲ ಕಣೋ, ಎದ್ದು ಕರೆದವರ ಹತ್ರ ಹೋಗ್ತಾನೆ. ಹೋಗಿ ಅವರ ಉಸಿರು ತಗೋತಾನೆ" ಎಂದರು.

ಅಣ್ಣ ಇನ್ನೂ ಉಸಿರಾಡುತ್ತಿದ್ದಾನೆ. ಹಸಿ ಅಕ್ಕಿ ಕಳಿಸಿ, ಎಷ್ಟಿದ್ದರೆ ಅಷ್ಟು. ಕರೆಯಬೇಡಿ. ಅವ್ವನಿಗೆ ಏನಾದರೂ ಹೇಳಿ, ನಿಜ ಮಾತ್ರ ಹೇಳಬೇಡಿ.

ಲೆಫು

&nbsp;

ಮಾವ್‌ಪಿಂಗ್
ಒಂಬತ್ತನೆಯ ತಿಂಗಳು, 24

ಲೆಫು,

ನಿನ್ನಿಂದ ಕಾಗದವಿಲ್ಲ. ಬಿಲ್ಲೆ ತಿಂದು ಅಣ್ಣತಮ್ಮಂದಿರು ಮಲಗಿದ್ದೀರೇನು?

ಒಳ್ಳೆಯ ಸುದ್ದಿ ಇದೆ. ನಿನ್ನೆ ಸಂಜೆ ಕರೆದು ಮುಗಿಸಿದ ಮೇಲೆ ಅತ್ತೆ ಅಂಗಿಯನ್ನು ನನ್ನ ಕೈಗೆ ಕೊಟ್ಟು, "ನೋಡು, ಭಾರವಾಗಿದೆಯಲ್ವಾ?" ಎಂದರು. ನಿಜ, ಭಾರವಾಗಿತ್ತು. ನೀರಲ್ಲಿ ಅದ್ದಿ ತೆಗೆದಂತೆ ಜೋತುಬಿದ್ದಿತ್ತು, ಆದರೆ ಒಣಗಿತ್ತು. ಪ್ರಾಣ ಮರಳಿ ಬಂದರೆ ಅಂಗಿ ಹಾಗೆ ಭಾರವಾಗುತ್ತದಂತೆ. ಅತ್ತೆ ಅಂಗಿಯನ್ನು ಎದೆಗವಚಿಕೊಂಡು ಕುಣಿಯುವುದೊಂದು ಬಾಕಿ. ಇನ್ನು ಬೆಳಗ್ಗೆಯೂ ಕರೆಯುತ್ತಾರಂತೆ, ಇಷ್ಟು ಹತ್ತಿರ ಬಂದವನನ್ನು ಬಿಡಬಾರದಂತೆ.

ನಿಜ ಹೇಳುತ್ತೇನೆ, ನನಗೂ ಸಂತೋಷವಾಯಿತು. ಇಂದು ಮೊದಲ ಸಲ ನಾಚಿಕೆ ಬಿಟ್ಟು ನಾನೇ "ಬಂದೆ" ಎಂದೆ.

ಯಿನ್‌ಹುವಾ

&nbsp;

ಹೊಂಗ್‌ಶಿಕೌ ಗಣಿ
ಒಂಬತ್ತನೆಯ ತಿಂಗಳು, 25

ಅತ್ತಿಗೆ,

ಅಣ್ಣ ಹೋಗಿಬಿಟ್ಟ. ಮೊನ್ನೆ ಸಂಜೆ ಉಸಿರು ನಿಂತಿತು. ಎದೆಗೆ ಕಿವಿಯಿಟ್ಟು ನೋಡಿದೆ, ಮೂಗಿಗೆ ಹತ್ತಿ ಹಿಡಿದು ನೋಡಿದೆ. ಛಿನ್ ಗುರುಗಳು ಬರುವ ತನಕ ಏಳದಿರಲೆಂದು ಹಣೆಗೆ ಇಂಗಳೀಕ ಹಚ್ಚಿ, ಪಾದ ಕಟ್ಟಿ ಮಲಗಿಸಿದ್ದೆ. ಇವತ್ತು ಮುಂಜಾನೆ ಮಂಜಿನಲ್ಲಿ ನೋಡಿದರೆ ಹಗ್ಗ ಹರಿದು ಬಿದ್ದಿದೆ. ಅವನಿಲ್ಲ.

ಮನೆಯ ಕಡೆ ಬರುತ್ತಿದ್ದಾನೆ. ನಾನು ಹಿಂದೆ ಬರೋಣವೆಂದರೆ ಕಟ್ಟೆಯಲ್ಲಿ ಸಿಪಾಯಿಗಳು ಕೋವಿಯ ಹಿಡಿಯಿಂದ ಹೊಡೆದು ಹಿಂದಕ್ಕೆ ಅಟ್ಟಿದರು. ಅಂಬಿಗನ ಕಾಲು ಹಿಡಿದು ಈ ಕಾಗದ ಕೊಡುತ್ತಿದ್ದೇನೆ. ಬಾಗಿಲು ಹಾಕಿ. ಹೊಸಿಲಿಗೆ ಹಲಗೆ ಹೊಡೆದು ಎತ್ತರ ಮಾಡಿ, ಹಾಗೆ ಎದ್ದವರಿಗೆ ಮೊಣಕಾಲು ಮಡಚಲಾಗುವುದಿಲ್ಲ. ಯಾರೂ ಕರೆಯಬೇಡಿ, ಯಾರೂ ಉತ್ತರ ಕೊಡಬೇಡಿ.

ನೋಡಲು ಅಣ್ಣನ ಹಾಗೇ ಇರುತ್ತಾನೆ. ಬಾಗಿಲು ತೆಗೆಯಬೇಡಿ ಅತ್ತಿಗೆ. ನಿಮ್ಮ ಕಾಲಿಗೆ ಬೀಳುತ್ತೇನೆ.

ಲೆಫು

&nbsp;

ಮಾವ್‌ಪಿಂಗ್
ಹತ್ತನೆಯ ತಿಂಗಳು, 2

ಲೆಫು,

ನಿನ್ನ ಎರಡು ಕಾಗದಗಳೂ ಒಟ್ಟಿಗೇ ಬಂದವು. ಒಂದರಲ್ಲಿ ನನ್ನ ಗಂಡ ಉಸಿರಾಡುತ್ತಿದ್ದರು, ಇನ್ನೊಂದರಲ್ಲಿ ಇರಲಿಲ್ಲ. ಉಪ್ಪಿನವನ ಎದುರಿಗೇ ಅಂಗಳದಲ್ಲಿ ಕುಸಿದು ಕೂತೆ. ನಿನ್ನನ್ನು ಶಪಿಸಿದೆ, ಆ ಬಿಲ್ಲೆ ತಟ್ಟಿದ ನನ್ನ ಕೈಗಳನ್ನೂ ಶಪಿಸಿದೆ. ಒಂದು ಮಾತು, ಲೆಫು, ಒಂದೇ ಒಂದು ನಿಜ ಮಾತು ಬರೆದಿದ್ದರೆ ಚೀಲಗಟ್ಟಲೆ ಹಸಿ ಅಕ್ಕಿಯನ್ನು ನಾನೇ ಹೊತ್ತು ತರುತ್ತಿದ್ದೆ. ಇಷ್ಟು ಅಂದುಬಿಟ್ಟೆ, ಇನ್ನು ಅನ್ನುವುದಿಲ್ಲ.

ಅಷ್ಟೆಲ್ಲ ನಿನ್ನನ್ನು ಬೈದು, ಒಳಗೆ ಹೋಗಿ ನಾನು ಮಾಡಿದ್ದೇನು ಗೊತ್ತೇ? "ಅತ್ತೆ, ಜ್ವರ ಬಿಟ್ಟಿತಂತೆ. ಇನ್ನು ಕರೆಯೋದು ಬೇಡ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಜ್ವರ ಬಿಟ್ಟಿದ್ರೆ ಒಂದು ಗೆರೆ ತಾನೇ ಎಳೆದು ಕಳಿಸ್ತಿದ್ದ" ಎಂದರು. ಅಂಗಿಯನ್ನು ನಾನು ಬಚ್ಚಿಟ್ಟೆ. ಅವರು ಅಂಗಿಯಿಲ್ಲದೆ ಹಂದಿಗೂಡಿನ ಹಿಂದೆ ನಿಂತು ಮೆಲ್ಲಗೆ ಕರೆಯುತ್ತಿದ್ದರು. ನನಗೆ ಗೊತ್ತಾಗಿದ್ದು ಆಮೇಲೆ.

ನಿನ್ನೆ ಮಧ್ಯಾಹ್ನ ಹೊಳೆಯಿಂದ ಮಂಜು ಎದ್ದು ಅಂಗಳದ ಕಲ್ಲೂ ಕಾಣದಂತಾಯಿತು. ಕೋಳಿಗಳು ತಾವಾಗಿ ಗೂಡು ಸೇರಿದವು. ಆಮೇಲೆ ಕೆಳಗಿನ ಕಲ್ಲುದಾರಿಯಲ್ಲಿ ಸದ್ದು. ಯಾರೋ ದೂರದಲ್ಲಿ ಒನಕೆ ಕುಟ್ಟಿದಂತೆ. ಒಂದು ಪೆಟ್ಟು, ತಡೆದು ಇನ್ನೊಂದು. ತಾವ್‌ತಾವ್‌ಳನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದೆ. ಬಾಗಿಲಿಗೆ ಅಗುಳಿ ಹಾಕಿ, ಹಲಗೆ ಒರಗಿಸಿ, ಬೆನ್ನು ಕೊಟ್ಟು ನಿಂತೆ.

ಸದ್ದು ಅಂಗಳಕ್ಕೆ ಬಂತು, ಹೊಸಿಲಿಗೆ ಬಂತು, ನಿಂತಿತು.

ಬಾಗಿಲ ಸಂದಿನಿಂದ ನೋಡಿದೆ. ಹೊಳೆ ಹೇಗೆ ದಾಟಿದರೋ, ಬಟ್ಟೆಯೆಲ್ಲ ನೀರು. ಹಣೆಯ ಕೆಂಪು ಕರಗಿ ಮೂಗಿನ ಮೇಲೆ ಇಳಿದಿತ್ತು. ಮುಖ ಅವರದೇ. ಎಡ ಹುಬ್ಬಿನ ಮೇಲಿನ ಕಲೆಯೂ ಅದೇ. ಲೆಫು, ನಿನ್ನ ಕಾಗದದ ಒಂದು ಅಕ್ಷರವನ್ನೂ ಆಗ ನನ್ನ ಮನಸ್ಸು ನಂಬಲಿಲ್ಲ. ಸತ್ತಿಲ್ಲ, ಈ ಲೆಫುವಿಗೆ ಏನು ಗೊತ್ತು, ಬಾಗಿಲು ತೆಗೆದು ಒಳಗೆ ಕರೆದುಕೊಂಡು ಬೆಂಕಿಯ ಮುಂದೆ ಕೂರಿಸೋಣ ಎನಿಸಿತು. ಕೈ ಅಗುಳಿಯ ಮೇಲೇ ಇತ್ತು.

ಅದಕ್ಕೇ ಮಾತಾಡಿಸಿ ನೋಡಿದೆ. ಯಾವಾಗಲೂ ಮಾತಾಡಿಸುವ ಹಾಗೇ. "ಇವರೇ, ಹಂದಿಗೂಡಿನ ಬೇಲಿ ಮುರಿದು ಎಷ್ಟು ಕಾಲವಾಯ್ತು, ಅದನ್ನ ಕಟ್ಟೋರು ಯಾರು? ಇಷ್ಟು ದಿನ ಎಲ್ಲಿ ಸುತ್ತಾಡ್ತಿದ್ರಿ?" ಊರಿಗೆ ಬಂದಾಗಲೆಲ್ಲ ನಾನು ಬಾಗಿಲಲ್ಲೇ ಜಗಳ ತೆಗೆಯುವುದು, ಅವರು "ಆಯ್ತು ಮಾರಾಯ್ತಿ, ಮೊದ್ಲು ಒಳಗೆ ಬಿಡು" ಎನ್ನುವುದು ನಿನಗೆ ಗೊತ್ತಲ್ಲ. ಉತ್ತರವಿಲ್ಲ. ರೆಪ್ಪೆಯೂ ಅಲುಗಲಿಲ್ಲ. ಮತ್ತೆ ಬೈದೆ, ಮಗಳ ಹಲ್ಲಿನ ಸುದ್ದಿ ಹೇಳಿದೆ, ಕಣ್ಣೀರು ಹಾಕಿದೆ. ಕಲ್ಲಿನ ಮುಂದೆ ಅತ್ತಂತೆ. ಆಗ ನನ್ನ ಹಿಂದಿನಿಂದ ಅತ್ತೆ ಉಸಿರಿನಷ್ಟೇ ಮೆಲ್ಲಗೆ "ಕೈಶಾನ್" ಎಂದರು. ಕೂಡಲೇ ಆ ಮೈ ಹಾರಿ ಬಾಗಿಲಿಗೆ ಬಡಿಯಿತು. ಅಗುಳಿ ಬಿರುಕುಬಿಟ್ಟಿತು. ಆಗ ನನಗೆ ಖಚಿತವಾಯಿತು. ನನ್ನ ಗಂಡ ಎಂದೂ ನನ್ನ ಬೈಗುಳಕ್ಕೆ ಸುಮ್ಮನಿದ್ದವರಲ್ಲ.

ಅತ್ತೆಗೆ ಎಲ್ಲ ಹೇಳಿದೆ. ಅವರು ಅಳಲಿಲ್ಲ. "ನಾನೇ ಕರೆದು, ನಾನೇ ಬಾಗ್ಲು ಹಾಕ್ಲಾ?" ಎಂದರು. "ಮಗು ಅಟ್ಟದಲ್ಲಿದೆ ಅತ್ತೆ" ಎಂದೆ. "ಅದಕ್ಕೇ ಹೇಳ್ತಿರೋದು. ಈ ಬಾಗಿಲು ಎಷ್ಟು ಹೊತ್ತು ತಡೆಯುತ್ತೆ? ನೀನು ಸುತ್ತಿಗೆ ತಗೊಂಡು ಕೊಟ್ಟಿಗೆಗೆ ಬಾ" ಎಂದು ಹಿಂಬಾಗಿಲಿನಿಂದ ಹೊರಟೇಬಿಟ್ಟರು.

ತಮ್ಮ ಪೆಟ್ಟಿಗೆಯ ಮುಚ್ಚಳ ತೆಗೆಸಿ, ಅದರ ಆಚೆ ಬದಿಯಲ್ಲಿ ನಿಂತರು. ನಾನು ಬಾಗಿಲ ಮರೆಯಲ್ಲಿದ್ದೆ. ಬಚ್ಚಿಟ್ಟಲ್ಲಿಂದ ನಾನು ತಂದುಕೊಟ್ಟ ನೀಲಿ ಅಂಗಿ ಬೀಸುತ್ತ ಕರೆದರು, ಸಂಜೆ ಕರೆಯುತ್ತಿದ್ದ ಹಾಗೇ, ದನಿ ಒಂದಿಷ್ಟೂ ನಡುಗಲಿಲ್ಲ. ಮಂಜಿನೊಳಗಿಂದ ಒನಕೆ ಸದ್ದು ಹತ್ತಿರ ಬಂತು. ಅವರ ಮೊಣಕಾಲು ಪೆಟ್ಟಿಗೆಯ ಅಂಚಿಗೆ ತಾಗಿತು, ಮಡಚಲಿಲ್ಲ, ಮರದ ದಿಮ್ಮಿಯಂತೆ ಮುಂದಕ್ಕೆ ಬಿದ್ದರು. ಅತ್ತೆ "ಬಂದ್ಯಾ ಮಗನೇ, ಮಲಕ್ಕೋ" ಎಂದರು. ನಾನು ಮುಚ್ಚಳ ಎಳೆದೆ. ಮೊಳೆ ಹೊಡೆದವಳು ನಾನೇ. ಒಂದೆರಡು ಸೊಟ್ಟಗಾದವು.

ಇವತ್ತು ಬೆಳಗ್ಗೆ ಮಾವನ ಪಕ್ಕದಲ್ಲಿ ಮಣ್ಣು ಮಾಡಿದೆವು. ದಿನ ನೋಡದೆ ಅಗೆದದ್ದಕ್ಕೆ ಪಂಚಾಂಗದವನು ಗೊಣಗಿದ. ನೆರೆಮನೆಯ ತಾನ್ ತಾತ, "ನಿನ್ನ ಮನೆ ಮುಂದೆ ಬಂದು ನಿಂತಿದ್ರೆ ನೀನು ಪಂಚಾಂಗ ನೋಡ್ತಾ ಕೂರ್ತಿದ್ಯಾ?" ಎಂದು ಅವನ ಬಾಯಿ ಮುಚ್ಚಿಸಿದ.

ಅತ್ತೆ ಚೆನ್ನಾಗಿದ್ದಾರೆ. ಸ್ವಲ್ಪ ಸುಸ್ತು, ಅಷ್ಟೆ. ನೀನು ಚಿಂತೆ ಮಾಡಬೇಡ. ನಿನ್ನ ಹತ್ತಿರ ಒಂದಿಷ್ಟು ಇಂಗಳೀಕ ಇದ್ದರೆ ಕಾಗದದಲ್ಲಿ ಮಡಚಿ ಕಳಿಸು. ಬಾಗಿಲಿಗೆ ಬಳಿಯೋಣ ಎಂದುಕೊಂಡಿದ್ದೇನೆ.

ಯಿನ್‌ಹುವಾ

&nbsp;

ಹೊಂಗ್‌ಶಿಕೌ ಗಣಿ
ಹತ್ತನೆಯ ತಿಂಗಳು, 7

ಅತ್ತಿಗೆ,

ಇಂಗಳೀಕ ಇದರ ಒಳಗಿದೆ. ಸುರಂಗದ ಎಲ್ಲಕ್ಕಿಂತ ಒಳಗಿನದು, ರಕ್ತದಂತೆ ಇರುವುದನ್ನೇ ಆರಿಸಿದ್ದೇನೆ.

ಆದರೆ ಇದು ಬಾಗಿಲಿಗಲ್ಲ. ನನಗೂ ಹೀಗೆ ಬರೆದು ಗೊತ್ತು. ಆಸೆಯಾಗಿದೆ ಎಂದು ಅಕ್ಕಿ ಕೇಳಿದವನು ನಾನು. ಬಾಗಿಲಿಗೆ ಎಂದು ಇಂಗಳೀಕ ಕೇಳುವವರು ನೀವು. ಮೊಳೆ ಸೊಟ್ಟಗಾದದ್ದನ್ನೂ ಬರೆದಿರಿ, ಮುಚ್ಚಳ ಎಳೆಯುವಾಗ ಅವ್ವನ ಕೈ ಎಲ್ಲಿತ್ತೆಂದು ಬರೆಯಲಿಲ್ಲ. ನೀವು ಮನೆಮನೆಗೆ ಬಟ್ಟಲು ಹಿಡಿದು ಹಸಿ ಅಂಟಕ್ಕಿ ಕೇಳುತ್ತಿದ್ದೀರೆಂದು ಉಪ್ಪಿನವನು ಅಂಬಿಗನಿಗೆ ಹೇಳಿದ್ದಾನೆ.

ಅವ್ವನ ಉಗುರು ಯಾವ ಬಣ್ಣವಾಗಿದೆ? ಕಟ್ಟಿದ ಅಕ್ಕಿ ಕಪ್ಪಾಗುತ್ತಿದೆಯೋ, ಬಿಳಿಯಾಗೇ ಇದೆಯೋ? ಮೊಣಕಾಲು? ಬರೆಯಿರಿ. ನನ್ನನ್ನು ಚಿಕ್ಕ ಹುಡುಗನಂತೆ ಕಾಣಬೇಡಿ. ಸುಳ್ಳಿಗೆ ನಾವು ಒಬ್ಬನನ್ನು ಕೊಟ್ಟಾಗಿದೆ.

ಲೆಫು

&nbsp;

ಮಾವ್‌ಪಿಂಗ್
ಹತ್ತನೆಯ ತಿಂಗಳು, 12

ಲೆಫು,

ಬರೆಯುತ್ತೇನೆ. ನಿಮ್ಮಣ್ಣ ಬೀಳುವಾಗ ಅತ್ತೆಯ ಮುಂಗೈ ಹಿಡಿದರು. ಅತ್ತೆ ಬಿಡಿಸಿಕೊಳ್ಳಲಿಲ್ಲ. ಮುಚ್ಚಳ ಎಳೆಯುವ ಹೊತ್ತಿಗೆ ನಾನೇ ಎಳೆದು ಬಿಡಿಸಿದೆ. ಉಗುರಿನ ಗುರುತು ಉಳಿಯಿತು.

ಮನೆಯಲ್ಲಿ ಒಂದು ಹಿಡಿ ಅಂಟಕ್ಕಿ ಇರಲಿಲ್ಲ, ಎಲ್ಲವನ್ನೂ ಬಿಲ್ಲೆ ಮಾಡಿದ್ದೆ. ಊರವರು ಕೊಟ್ಟರು. ಮೊದಲು ಕಪ್ಪಾಗುತ್ತಿತ್ತು, ನಾನು ದೇವರನ್ನು ನೆನೆದು ಬದಲಿಸುತ್ತಿದ್ದೆ. ಈಗ ಕಟ್ಟಿದ ಅಕ್ಕಿ ಬಿಳಿಯಾಗೇ ಇದೆ. ವಾಸಿಯಾಗಿ ಅಲ್ಲ. ಅಕ್ಕಿಗೆ ಎಳೆಯುವ ಶಕ್ತಿ ಮೀರಿ ವಿಷ ಒಳಗೆ ಇಳಿದಿದೆ. ಮೊಣಕಾಲು ನಿನ್ನೆಯಿಂದ ಮಡಚುತ್ತಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿ ಗಂಜಿ ಕುಡಿಸುತ್ತೇನೆ. ಆದರೂ ಬಾಯಿ ಸುಮ್ಮನಿಲ್ಲ. "ನನ್ನ ಪೆಟ್ಟಿಗೆ ಅವನಿಗೆ ಗಿಡ್ಡ ಆಗುತ್ತೇನೋ ಅಂದ್ಕೊಂಡಿದ್ದೆ ಕಣೆ, ಅಳತೆ ತೆಗೆದು ಮಾಡಿಸಿದ ಹಾಗಿತ್ತು" ಎಂದರು ಇವತ್ತು. ನಾನು ಹೊರಗೆ ಹೋಗಿ ಅತ್ತು ಬಂದೆ.

ತಾನ್ ತಾತ ತನ್ನ ಪೆಟ್ಟಿಗೆಯನ್ನು ಕೊಡುತ್ತೇನೆ ಎಂದಿದ್ದಾನೆ. ಆದರೆ ಈ ಸಲ ಪಂಚಾಂಗದವನು ಊರವರನ್ನು ತನ್ನ ಕಡೆ ಮಾಡಿಕೊಂಡಿದ್ದಾನೆ. ಒಂದೇ ಮನೆಯಲ್ಲಿ ಎರಡನೆಯ ಸಲ ದಿನ ನೋಡದೆ ಅಗೆದರೆ ಇಡೀ ಊರಿಗೆ ಬೇನೆ ಎಂದು ಯಾರೂ ಗುದ್ದಲಿ ಮುಟ್ಟುತ್ತಿಲ್ಲ. ಹದಿನೆಂಟಕ್ಕೆ ಮುಂಚೆ ಮಣ್ಣಿಲ್ಲ. ಅದಕ್ಕೆ ಮೊದಲೇ ಹೋದರೆ, ಅಲ್ಲಿಯ ತನಕ ಅತ್ತೆ ಪೆಟ್ಟಿಗೆಯಲ್ಲಿ ಕೊಟ್ಟಿಗೆಯಲ್ಲೇ ಇರಬೇಕು.

ಈಗ ಅತ್ತೆ ನಿನಗೆ ಹೇಳಿದ್ದು. ಅವರ ಮಾತನ್ನೇ ಬರೆಯುತ್ತೇನೆ. "ಲೆಫುಗೆ ಹೇಳು. ಚಿಕ್ಕವನಿದ್ದಾಗ ಕಾಲಿಗೆ ಮುಳ್ಳು ಚುಚ್ಚಿದ್ರೂ ಊರಿಗೆಲ್ಲ ಕೇಳೋ ಹಾಗೆ ಅವ್ವಾ ಅಂತ ಕಿರುಚೋನು. ಈಗ ಬಾಯಿ ಮುಚ್ಕೊಂಡಿರ್ಲಿ. ನಾನು ಹೋದೆ ಅಂತ ಸುದ್ದಿ ಬಂದಾಗ್ಲೂ ಮುಚ್ಕೊಂಡಿರ್ಲಿ. ಅವನು ಕರೆದ್ರೆ ನಾನು ಮಲಗಿರ್ತೀನಾ?"

ಸತ್ತ ತಾಯಿಯನ್ನು ಮಗ ಮೂರು ಸಲ ಕರೆದು ಅಳದಿದ್ದರೆ ಜನ ಏನೆನ್ನುತ್ತಾರೆಂದು ನನಗೆ ಗೊತ್ತು. ಆದರೂ ಅಳಬೇಡ. ನಿಮ್ಮಣ್ಣನಿಗೆ ಇಲ್ಲಿಂದ ಅಲ್ಲಿಗೆ ಕೇಳಿಸಿತು ಎಂದರೆ, ನೀನು ಅಲ್ಲಿಂದ ಕರೆದರೆ ಇಲ್ಲಿ ಕೇಳಿಸುತ್ತದೆ. ಮಣ್ಣಾಗುವ ತನಕ ಆ ಪದ ನಿನ್ನ ಬಾಯಿಂದ ಬರಬಾರದು.

ಯಿನ್‌ಹುವಾ

ಕಾಗದ ಮಡಚುವ ಮೊದಲೇ ಇದನ್ನು ಸೇರಿಸಬೇಕಾಯಿತು. ಇವತ್ತು ಸಂಜೆ ಹೋದರು. ಹಣೆಗೆ ನೀನು ಕಳಿಸಿದ್ದನ್ನೇ ಹಚ್ಚಿದ್ದೇನೆ.

&nbsp;

ಹೊಂಗ್‌ಶಿಕೌ ಗಣಿ
ಹತ್ತನೆಯ ತಿಂಗಳು, 20

ಅತ್ತಿಗೆ,

ಹದಿನೆಂಟು ಕಳೆಯಿತು. ಆದರೂ ಆ ಪದವನ್ನು ಬರೆಯಲು ನನಗೆ ಭಯ. ನಿಮ್ಮ ಕೈಯಿಂದ ಮಣ್ಣಾಯಿತೆಂಬ ಮಾತು ಬರುವ ತನಕ ಬರೆಯುವುದಿಲ್ಲ.

ನಿಮ್ಮ ಕಾಗದ ಬಂದದ್ದು ಹದಿನಾರಕ್ಕೆ. ಉಪ್ಪಿನವನ ಬಾಯಿಂದ ಸಾವಿನ ಸುದ್ದಿಯಷ್ಟೇ ಗಣಿಗೆಲ್ಲ ಹಬ್ಬಿತ್ತು. ನನ್ನ ಜೊತೆಯವರು ಬಿಳಿ ಬಟ್ಟೆ ತಂದು ತಲೆಗೆ ಕಟ್ಟಿದರು, ಊರಿನ ದಿಕ್ಕಿಗೆ ಮುಖ ಮಾಡಿ ಮಂಡಿಯೂರಿಸಿದರು, "ಅಳೋ, ಕರೆದು ಅಳೋ, ಎದೆ ಹಗುರಾಗುತ್ತೆ" ಎಂದರು. ನಾನು ಹಲ್ಲು ಕಚ್ಚಿಕೊಂಡು ಎದ್ದುಬಂದೆ. ಯಾಕೆಂದು ಹೇಳಲಿಲ್ಲ. ಅಣ್ಣನ ಬೇನೆಯೇ ಮನೆಗೂ ಮುಟ್ಟಿದೆಯೆಂದು ತಿಳಿದರೆ ನನ್ನನ್ನು ಸುರಂಗದ ಹತ್ತಿರಕ್ಕೂ ಬಿಡುವುದಿಲ್ಲ. ಒಬ್ಬ ಮುದುಕ ನನ್ನ ಮುಂದೆ ಉಗಿದು, "ಹೆತ್ತವಳಿಗೆ ಒಂದು ಹನಿ ಕಣ್ಣೀರಿಲ್ಲ. ಎಂಥಾ ಮಗನೋ ನೀನು!" ಎಂದ. ಅಂದಿನಿಂದ ಯಾರೂ ನನ್ನ ಜೊತೆ ಉಣ್ಣುತ್ತಿಲ್ಲ.

ಹದಿನೇಳರ ಸಂಜೆ ಸುರಂಗದಲ್ಲಿ ಕಲ್ಲು ಜಾರಿ ಪಾದದ ಮೇಲೆ ಬಿತ್ತು. ಎರಡು ಬೆರಳು ಜಜ್ಜಿಹೋದವು. ಅಂಥ ಹೊತ್ತಿನಲ್ಲಿ ಮನುಷ್ಯನ ಬಾಯಿಗೆ ಬರುವುದು ಒಂದೇ ಪದ. ಅದು ನಾಲಗೆಯ ತುದಿಗೆ ಬಂದಿತ್ತು. ತೋಳನ್ನು ಕಚ್ಚಿ ಹಿಡಿದೆ. ಹಲ್ಲು ಇಳಿದ ಗಾಯ ಕಾಲಿಗಿಂತ ಹೆಚ್ಚು ನೋಯುತ್ತಿದೆ.

ನಾನು ಕರೆಯಲಿಲ್ಲ ಅತ್ತಿಗೆ. ಆದರೆ ಮನಸ್ಸಿನೊಳಗೆ ಕೂಗಿದ್ದೂ ಕೇಳಿಸುತ್ತದೆಯೇ? ಆ ಸಂಜೆ ಕೊಟ್ಟಿಗೆಯಲ್ಲಿ ಸದ್ದಾಯಿತೇ? ನಿಜವನ್ನೇ ಬರೆಯಿರಿ.

ಲೆಫು

&nbsp;

ಮಾವ್‌ಪಿಂಗ್
ಹತ್ತನೆಯ ತಿಂಗಳು, 25

ಲೆಫು,

ಮಣ್ಣಾಯಿತು. ನಿಮ್ಮಣ್ಣನ ಪಕ್ಕದಲ್ಲೇ. ಪದ ಬರೆಯಬಹುದು, ಬಾಯಿ ಬಿಟ್ಟು ಅಳಲೂಬಹುದು.

ನಿಜವನ್ನೇ ಬರೆ ಎಂದೆಯಲ್ಲ. ಸದ್ದಾಯಿತು. ಅದೇ ಹದಿನೇಳರ ಸಂಜೆ, ಆದರೆ ನಿನ್ನಿಂದಲ್ಲ. ಆರು ವರ್ಷದ ಕೂಸಿಗೆ ಎಷ್ಟೆಂದು ಹೇಳಿಕೊಡಲಿ? ತಾವ್‌ತಾವ್‌ಗೆ ನಿದ್ದೆಯ ಮಂಪರು. ಅಜ್ಜಿ ಕತೆ ಹೇಳುವ ಹೊತ್ತು ಅದು. ಒಂದೇ ಒಂದು ಸಲ, ದೊಡ್ಡದಾಗಿ "ಅಜ್ಜೀ" ಎಂದುಬಿಟ್ಟಳು. ನಾನು ಓಡಿ ಬಾಯಿ ಮುಚ್ಚುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಒಳಗಿನಿಂದ ಮುಚ್ಚಳಕ್ಕೆ ಪೆಟ್ಟು ಬಿತ್ತು. ಮೊಳೆಯೊಂದು ಎದ್ದುಬಂತು.

ಮಗುವನ್ನು ಸದ್ದು ಕೇಳಿ ಓಡಿಬಂದ ತಾನ್ ತಾತನ ಕೈಗೆ ಎಸೆದು ಕೊಟ್ಟಿಗೆಗೆ ಓಡಿದೆ. ಪೆಟ್ಟಿಗೆಯ ಮೇಲೆ ಹತ್ತಿ, ಕವುಚಿ ಮಲಗಿದೆ. ಕೆಳಗೆ ಅತ್ತೆ, ಮೇಲೆ ನಾನು. ನನ್ನ ಎದೆಯ ಕೆಳಗೆ ಮುಚ್ಚಳ ಏಳುತ್ತಿತ್ತು, ಇಳಿಯುತ್ತಿತ್ತು. ಇನ್ನೊಂದು ಕರೆ ಬಿದ್ದಿದ್ದರೆ ನನ್ನ ಭಾರ ಸಾಲುತ್ತಿರಲಿಲ್ಲ. ಈಗ ಲೆಫು ಕರೆಯುತ್ತಾನೆ, ಈಗ ಕರೆಯುತ್ತಾನೆ ಎಂದು ಕಿವಿಯಿಟ್ಟು ಕಾದೆ. ನೀನು ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮುಚ್ಚಳ ನಿಂತಿತು. ಆಮೇಲೆ ಅತ್ತೆ ಅಲುಗಲಿಲ್ಲ.

ನನ್ನ ಉಗುರು ನೋಡಿಕೊಂಡೆ, ಮಗುವಿನದೂ ನೋಡಿದೆ. ಕೆಂಪಗಿವೆ. ಇದು ನಿಜ.

ಇನ್ನೊಂದು ಸಲ ಯಾರಾದರೂ ನಿನ್ನನ್ನು ಎಂಥಾ ಮಗ ಎಂದರೆ ಈ ಕಾಗದವನ್ನು ಅವರ ಮುಖಕ್ಕೆ ಹಿಡಿ.

ಯಿನ್‌ಹುವಾ